ಮೇಷ್ಟ್ರ ಮೀಸೆ, ನನ್ನ ಕಂಬಳಿ

ನಮ್ಮ ಹಿರೇಗುಂಟನೂರಿನ ಸೈನ್ಸ್ ಮೇಷ್ಟ್ರು ಮೀಸೆ ತೀಡಿಕೊಂಡೇ ಪಾಠ ಶುರು ಮಾಡೋರು. ಏನು ಕೇಳಿದ್ರೂ ಒಂದೇ ಮಾತು: "ನಂಬಬ್ಯಾಡ್ರಲೇ, ನೋಡ್ರಿ."

ಒಂದಿನ, "ಕಂಬಳಿ ಬಿಸಿ ಕೊಡಲ್ಲ, ಇರೋ ಬಿಸಿ ಕಾಯ್ತೈತೆ ಅಷ್ಟೇ. ಅದರಾಗೆ ಐಸ್ ಸುತ್ತಿದ್ರೆ ಬೇಗ ಕರಗಲ್ಲ" ಅಂದ್ರು. ಕುರಿ ಕಾಯೋರ ಮಕ್ಕಳು ನಾವು, ಕಂಬಳಿಯಾಗೇ ಹುಟ್ಟಿದೋರು. ಕ್ಲಾಸೆಲ್ಲ ಬಿದ್ದು ಬಿದ್ದು ನಗ್ತು.

"ಕರಗಿದ್ರೆ ಏನ್ ಮಾಡ್ತೀರಿ ಸಾ?" ಅಂದೆ. ಅಷ್ಟು ಧೈರ್ಯ ಇದ್ದಿದ್ದು ನನಗೊಬ್ಬನಿಗೇ.

"ಮೀಸೆ ಬೋಳಿಸ್ತೀನಿ ಕಣಲೇ!"

ಐಸ್ ಕ್ಯಾಂಡಿ ಸೈಕಲ್ಲೋನ ಹತ್ರ ಎರಡು ಕೆಂಪು ಕ್ಯಾಂಡಿ ತಗಂಡ್ರು. ಒಂದನ್ನ ತಟ್ಟೇಲಿಟ್ರು. ಇನ್ನೊಂದನ್ನ ನಾನು ಹೊದ್ದು ಬಂದಿದ್ದ ಕಂಬಳಿಯಾಗೆ ಸುತ್ತಿ, ನನ್ನನ್ನೇ ಕಾವಲಿಗೆ ಕೂರಿಸಿದ್ರು! ಎಲ್ರೂ ತಟ್ಟೆ ಸುತ್ತ ನಿಂತು ಐಸ್ ಕರಗೋದು ನೋಡ್ತಿದ್ರೆ, ನಾನು ಕಂಬಳಿಯೊಳಗೆ ತಲೆ ತೂರಿಸಿದೆ.

ಮೇಷ್ಟ್ರು ಕಂಬಳಿ ಬಿಚ್ಚಿದಾಗ ಬರೀ ಕಡ್ಡಿ. "ಮೀಸೆ! ಮೀಸೆ!" ಅಂತ ಹುಡುಗರು ಕುಣಿದ್ರು. ಮೇಷ್ಟ್ರು ಗಾಬರಿಯಾಗಿ ಮೀಸೆ ಮುಚ್ಚಿಕೊಂಡ್ರು. ಆಮೇಲೆ ಕಂಬಳಿ ಮುಟ್ಟಿ ನೋಡಿದ್ರು.

"ಹನಿ ನೀರಿಲ್ಲ, ಇದೆಲ್ಲಿ ಕರಗ್ತು? ಎಲ್ರೂ ನಾಲಿಗೆ ತೋರಿಸ್ರಲೇ."

ಕೆಂಪಗಿದ್ದಿದ್ದು ನನ್ನದೊಂದೇ.

"ನಾ ತಿಂದಿಲ್ಲ ಸಾ, ನಂಬ್ರಿ."

"ನಂಬೋದೇನಪ್ಪ, ನೋಡ್ದೆನಲ್ಲ!"

ಮರುವರ್ಷ ನಾನು ಮುಂದಿನ ಕ್ಲಾಸಿನಾಗಿದ್ದೆ. ಕಂಬಳಿ ಪಾಠದ ದಿನ ಮೇಷ್ಟ್ರೇ ಬಾಗಿಲಿಗೆ ಬಂದು ಕರೆದ್ರು. ನನ್ನಂಥೋನಿಲ್ದೆ ಸೈನ್ಸ್ ಎಲ್ಲಿ ನಡೀತೈತೆ? ಹೋಗಿ ನೋಡಿದ್ರೆ ಮೇಜಿನ ಮೇಲೆ ಮೂರು ಕ್ಯಾಂಡಿ. ಒಂದು ತಟ್ಟೆಗೆ, ಒಂದು ಕಂಬಳಿಗೆ. ಮೂರನೇದನ್ನ ನನ್ನ ಕೈಗೆ ಕೊಟ್ಟು ಮೇಷ್ಟ್ರು ಅಂದ್ರು:

"ಮೊದ್ಲು ನೀನು ತಿಂದುಬಿಡಪ್ಪ, ಆಮೇಲೆ ಪಾಠ ಶುರು ಮಾಡಾಣ."