ಎದುರುಗಡೆ ಕೂತು ಕಲಿತ ಓದು

ನಮ್ಮ ಹಂಪಾಪುರದಲ್ಲಿ ಹೆಂಗಸರಿಗೆ ನಡೆಸಿದ ಅಕ್ಷರದ ಕ್ಲಾಸು ಮುಗಿದ ಮೇಲೆ, ಯಾರು ಎಷ್ಟು ಕಲಿತಿದ್ದಾರೆ ಅಂತ ನೋಡೋಕೆ ಮೈಸೂರಿಂದ ಒಬ್ಬರು ಮೇಡಂ ಬಂದ್ರು. ನನ್ನ ಸರದಿ ಬಂದಾಗ, ಅವರು ಕೊಟ್ಟ ಹಾಳೆಯನ್ನ ತಲೆಕೆಳಗು ಮಾಡಿ ಹಿಡ್ಕೊಂಡೆ.

ಮೇಡಂ ಮುಖ ಸಪ್ಪಗಾಯ್ತು. “ಇರ್ಲಿ ಬಿಡಿ ಅಜ್ಜಿ, ಈ ವಯಸ್ಸಲ್ಲಿ ಕ್ಲಾಸಿಗೆ ಬಂದಿದ್ದೇ ದೊಡ್ಡದು” ಅಂತ ತಮ್ಮ ಫಾರಂನಲ್ಲಿ ಏನೋ ಬರೆದ್ರು.

ಎದುರಿಗೆ ಕೂತಿದ್ದ ನಾನು ಅದನ್ನ ಗಟ್ಟಿಯಾಗಿ ಓದಿದೆ. “‘ಓದಲು ಬರುವುದಿಲ್ಲ.’ ಯಾರ್ಗೆ ಬರಾಕಿಲ್ಲ ಕಣವ್ವ?”

ಮೇಡಂ ಪೆನ್ನು ಅಲ್ಲೇ ನಿಂತೋಯ್ತು.

ನಮ್ಮ ಗುಂಪಿಗೆ ಇದ್ದದ್ದು ಒಂದೇ ಪುಸ್ತಕ. ಮೂವರು ಅದರ ಮುಂದೆ ಕೂತ್ರೆ, ಮಂಡಿನೋವಿನ ನಾನು ಎದುರುಗಡೆ ಗೋಡೆಗೆ ಒರಗಿ ಕೂರ್ತಿದ್ದೆ. ಅಕ್ಷರಗಳು ನನಗೆ ಮೊದಲಿಂದ ಕಂಡಿದ್ದೇ ಹಂಗೆ, ತಲೆಕೆಳಗಾಗಿ.

“ನಾವು ಪುಟ ತಿರುವಿ ಹಾಕೋಕ್ ಮುಂಚೆ ಇವಳ್ದು ಓದಿ ಮುಗಿದಿರ್ತದೆ ಕಣ್ರೀ” ಅಂತ ಮೇಡಂಗೆ ಹೇಳಿದ್ಲು ಪಕ್ಕದಲ್ಲಿದ್ದ ನಮ್ಮ ಗುಂಪಿನ ಚಿಕ್ಕತಾಯಿ.

ತಲೆಕೆಳಗು ಹಿಡಿದಿದ್ದ ಆ ಹಾಳೆನ ಪೂರ್ತಿ ಓದಿದೆ, ಒಂದಕ್ಷರ ಬಿಡಲಿಲ್ಲ. ಮೇಡಂ ಮೊದಲು ಬರೆದಿದ್ದನ್ನ ಹೊಡೆದುಹಾಕಿ, ‘ಚೆನ್ನಾಗಿ ಓದುತ್ತಾರೆ’ ಅಂತ ಬರೆದ್ರು. ನನ್ನ ವಿಷಯ ಬರೆದದ್ದನ್ನ ನಾನೇ ಓದಿದ್ದು ಹುಟ್ಟಿದಾಗಿಂದ ಅವತ್ತೇ ಮೊದಲು.

“ನೀವೂ ನೋಡಿ ಅಜ್ಜಿ” ಅಂತ ಅವರು ಖುಷಿಯಿಂದ ಫಾರಮ್ಮನ್ನ ನನ್ನ ಕಡೆ ತಿರುಗಿಸಿಕೊಟ್ರು. ಪಾಪ, ಇನ್ನೊಂದ್ಸಲ ಓದೋಕೆ ನಾನದನ್ನ ಮತ್ತೆ ಅವರ ಕಡೆಗೇ ತಿರುಗಿಸಬೇಕಾಯ್ತು.