ಕೊಕ್ಕರ್ಣೆಯ ಗೇಟಿನಿಂದ ಹಿಂತಿರುಗಿದ್ದು

ಆ ಅಂಗಳದಲ್ಲಿ ಕಾರು ಇತ್ತೋ ಇಲ್ಲವೋ ಎಂದು ಈಗ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಬಿಳಿ ಕಾರೊಂದು ಮುಚ್ಚಿಗೆಯ ಕೆಳಗೆ ನಿಂತ ಚಿತ್ರ ಕಣ್ಣೆದುರು ಬರುತ್ತದೆ. ಅದೇ ಅಂಗಳ ಖಾಲಿಯಾಗಿದ್ದು, ಚಾಪೆಯ ಮೇಲೆ ಕೊಬ್ಬರಿ ಹೋಳುಗಳು ಒಣಗುತ್ತಿದ್ದ ಚಿತ್ರವೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ. ಅವತ್ತು ನಾನು ಕಾರಿನ ಮಾತು ಹೇಳಿದ್ದು ನಿಜ ಎನ್ನುತ್ತಾಳೆ ಹೆಂಡತಿ. ಹೇಳಿದ್ದು ನಿಜವಾದರೆ ಕಂಡದ್ದೂ ನಿಜವಿರಬೇಕು ಎಂದುಕೊಳ್ಳಲು ಮನಸ್ಸು ಬಯಸುತ್ತದೆ. ಆದರೆ ನಾನು ಕಾಣದ್ದನ್ನು ಹೇಳುವ ಜನವೇ ಅಲ್ಲ ಎಂಬ ನಂಬಿಕೆ ಆ ವರ್ಷದ ನಂತರ ನನ್ನಲ್ಲಿ ಉಳಿದಿಲ್ಲ.

ನಾನು ಕುಂದಾಪುರದಲ್ಲಿ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ವಿಶ್ವವಿದ್ಯಾಲಯದಲ್ಲಿದ್ದಾಗ ಮನೆಮನೆ ಸಮೀಕ್ಷೆ ಮಾಡಿ ಬಡತನದ ಬಗ್ಗೆ ದಪ್ಪ ಪ್ರಬಂಧ ಬರೆದವನು. ಜನ ಹೇಳುವುದನ್ನು ನಂಬಬೇಡ, ಸೂರು ನೋಡು, ನೆಲ ನೋಡು, ಒಲೆ ನೋಡು ಎಂದು ಅಲ್ಲಿ ಕಲಿತದ್ದು. ಮುಂಬೈಯಲ್ಲಿ ಹೋಟೆಲು ನಡೆಸುವ ನಮ್ಮ ದೊಡ್ಡಪ್ಪನ ಮಗನಿಗೆ, ಅಂದರೆ ನಮ್ಮ ಅಣ್ಣಯ್ಯನಿಗೆ, ನನ್ನ ಈ ಗುಣದ ಮೇಲೆ ಬಹಳ ವಿಶ್ವಾಸ. ಪ್ರತಿ ನವರಾತ್ರಿಗೆ ಅವನೂ ಅವನ ಜೊತೆಯ ಹೋಟೆಲಿನವರೂ ಸೇರಿ ಊರಿನಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ದಾನ ಕೊಡುತ್ತಾರೆ. ಯಾರಿಗೆ ಕೊಡಬೇಕೆಂದು ಹುಡುಕಿ, ನೋಡಿ, ಹೇಳುವವನು ನಾನು.

"ಹ್ವಾಯ್ ತಮ್ಮಾ, ನೀ ಕಂಡ್ ಬಂದ್ರೆ ಸಾಕ್," ಎನ್ನುತ್ತಿದ್ದ ಅಣ್ಣಯ್ಯ ಫೋನಿನಲ್ಲಿ. "ನೀ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಬೋಗಸ್ ಮಾತ್ರ ಆಪ್ಕಾಗ."

ಒಮ್ಮೆ ಒಂದು ಸುಳ್ಳು ಟ್ರಸ್ಟನ್ನು ನಾನು ಹಿಡಿದುಹಾಕಿದ್ದೆ. ಅವರ ಅನಾಥಾಲಯದ ವಿಳಾಸದಲ್ಲಿ ಟೈರಿನ ಅಂಗಡಿ ಇತ್ತು. ಆ ಕತೆ ಮುಂಬೈಯ ಹೋಟೆಲುಗಳ ಗಲ್ಲಾಪೆಟ್ಟಿಗೆಗಳ ಹತ್ತಿರ ವರ್ಷಗಟ್ಟಲೆ ಓಡಿತು. ನನಗೂ ಅದು ಹಿತವಾಗಿಯೇ ಇತ್ತು. ಊಹೂಂ ಅನ್ನುವುದರಲ್ಲಿ ಒಂದು ರುಚಿ ಇದೆ. ಹೂಂ ಅಂದವನಿಗೆ ಜಾಣನೆಂಬ ಹೆಸರು ಬರುವುದು ಕಷ್ಟ.

ನಮ್ಮ ಕಡೆ ನವರಾತ್ರಿಯಲ್ಲಿ ವೇಷ ಹಾಕುತ್ತಾರೆ. ಹರಕೆಗೆ ಹಾಕುವವರಿದ್ದಾರೆ, ಹೊಟ್ಟೆಪಾಡಿಗೆ ಹಾಕುವವರಿದ್ದಾರೆ. ಈಚಿನ ವರ್ಷಗಳಲ್ಲಿ ಯಾರದೋ ಮಗುವಿನ ಚಿಕಿತ್ಸೆಗೆಂದು ಮೈತುಂಬ ಬಣ್ಣ ಬಳಿದುಕೊಂಡು, ಡಬ್ಬಿ ಹಿಡಿದು ಪೇಟೆ ಸುತ್ತುವವರೂ ಇದ್ದಾರೆ. ಆ ವರ್ಷ ನಮ್ಮ ಮನೆಯ ಮೆಟ್ಟಿಲಿಗೆ ಬಂದದ್ದು ಎರಡು ಕೊಂಬಿನ, ಹಸಿರು ಮುಖದ, ಗೋಣಿನಾರು ಹೊದ್ದ ಒಂದು ರಾಕ್ಷಸ.

"ಹ್ವಾಯ್ ಮಾಷ್ಟ್ರೆ, ಹೆದ್ರ್ಬ್ಯಾಡಿ. ನಾ ಕೋಡಿಯಂವ. ಮೀನಿನ ಜನ."

ಆಗ ಗುರುತಾಯಿತು. ಕೋಡಿಯಿಂದ ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು, ಹಾರನ್ ಹೊಡೆಯುತ್ತ ಒಳಗಿನ ಊರುಗಳಿಗೆ ಹೋಗುವಾತ. ಬೆಳಗ್ಗೆ ನಮ್ಮ ಮನೆಗೂ ಬರುತ್ತಾನೆ. ಡಬ್ಬಿಯ ಮೇಲೆ ಒಂದು ಹೆಣ್ಣುಮಗುವಿನ ಫೋಟೋ ಅಂಟಿಸಿತ್ತು.

"ಯಾರ್ ಮಗು?"

"ನನ್ನ ಗಿರಾಕಿಯದ್. ಕೊಕ್ಕರ್ಣೆ ಬದಿಯದ್. ಮೂರ್ ವರ್ಷದ್, ಹುಟ್ಟಿದಲ್ಲಿಂದ ಕೆಮಿ ಕೇಂತಿಲ್ಲೆ," ಎಂದು ತನ್ನ ಕಿವಿ ಮುಟ್ಟಿ ತೋರಿಸಿದ. "ಆಪರೇಶನ್ ಮಾಡಿ ಒಳ್ಗ್ ಮಿಷಿನ್ ಇಡ್ಕ್ ಅಂಬ್ರ್ ಡಾಕ್ಟ್ರ್. ಸರ್ಕಾರದ್ ದುಡ್ಡಿಗೆ ಅರ್ಜಿ ಕೊಟ್ಟಿದ್ರ್, ಅದ್ ಎಲ್ಲೋ ಸಿಕ್ಕಂಡ್ ಕೂತಿತ್ತ್."

"ಗಿರಾಕಿಗೆಲ್ಲ ವೇಷ ಹಾಕ್ತಾ ಹೋದ್ರೆ ಮೀನ್ ಮಾರುದ್ ಯಾವಾಗ?"

ಅವನು ನಕ್ಕ. ಬಣ್ಣ ಒಣಗಿದ್ದರಿಂದ ನಗು ಅರ್ಧಕ್ಕೇ ನಿಂತಿತು. "ನಾ ಹಾರನ್ ಹೊಡೆದ್ರೆ ಊರಿನ್ ಮಕ್ಕಳೆಲ್ಲ ಓಡ್ ಬತ್ತೊ. ಅದೊಂದ್ ಮಾತ್ರ ತಿರ್ಗಿಯೂ ಕಾಂತಿಲ್ಲೆ. ಅದ್ಕೆ ಕೇಂತಿಲ್ಲೆ ಅಂತ ಮೊದ್ಲ್ ಅದ್ರ ಅಮ್ಮನ್ ಹತ್ರ ಹೇಳದ್ದೇ ನಾನ್. ಹೇಳಿ ಸುಮ್ನ್ ಕೂಕಂಬುಕೆ ಆತ್ತಾ?"

ಈಗ ಬರೆಯುವಾಗ ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕಿತ್ತು ಎಂದೆನಿಸುತ್ತದೆ. ಆದರೆ ನಾನು ಆಸ್ಪತ್ರೆಯ ಅಂದಾಜು ಪತ್ರ ಕೇಳಿದೆ.

"ವೇಷಕ್ಕೆ ಕಿಸಿ ಇಲ್ಲೆ ಮಾಷ್ಟ್ರೆ," ಎಂದ.

ಒಳಗಿನಿಂದ ಹೆಂಡತಿ ಮಜ್ಜಿಗೆ ತಂದಳು. ತುಟಿಯ ಬಣ್ಣ ಹೋಗದಿರಲೆಂದು ಲೋಟಕ್ಕೊಂದು ಸ್ಟ್ರಾ ಬೇರೆ ಹಾಕಿದ್ದಳು. "ಪಾಪ, ಅವ್ರ್ ನಿಂತ್ಕಂಡೇ ಇದ್ರಲೆ. ನಿಮ್ದ್ ವೈವಾ ಇನ್ನೂ ಮುಗಿಲಿಲ್ಯಾ?" ಎಂದು ನನ್ನನ್ನು ಕೇಳಿ, ಡಬ್ಬಿಗೆ ತನ್ನ ಕೈಯಲ್ಲಿದ್ದುದನ್ನು ಹಾಕಿದಳು. ನಾನು ಹಾಕಲಿಲ್ಲ. ಮನೆ ಎಲ್ಲಿ ಎಂದು ಕೇಳಿ ಬರೆದುಕೊಂಡೆ. ಶಾಲೆ ದಾಟಿದ ಮೇಲೆ ಎಡಕ್ಕೆ, ಕೆಂಪು ಗೇಟು.

ಎರಡು ದಿನ ಬಿಟ್ಟು ಹೋದೆ. ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು ಬೈಕಿನಲ್ಲಿ ಒಳಗೆ ಹೋಗುವಾಗ ನನ್ನ ಬಗ್ಗೆ ನನಗೇ ಮೆಚ್ಚುಗೆ ಇತ್ತು. ದಾನ ಕೊಡುವವರಲ್ಲಿ ಎಷ್ಟು ಜನ ಬಿಸಿಲಿನಲ್ಲಿ ಇಷ್ಟು ದೂರ ಬಂದು ನೋಡುತ್ತಾರೆ? ಕೆಂಪು ಗೇಟು ಸಿಕ್ಕಿತು. ಅದರ ಹಿಂದೆ ಎರಡು ಮಾಳಿಗೆಯ ಮನೆ. ಕಂಬಗಳಿಗೆ ಹೊಳೆಯುವ ಕಲ್ಲು, ತಾರಸಿಯ ಮೇಲೆ ಬಿಸಿನೀರಿನ ಸೋಲಾರು. ಅಂಗಳದಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ಬಗ್ಗಿ ಏನೋ ಹರವುತ್ತಿದ್ದಳು. ಅವಳ ಸೀರೆಯ ನೆರಿಗೆ ಹಿಡಿದುಕೊಂಡು ಒಂದು ಚಿಕ್ಕ ಹುಡುಗಿ ನಿಂತಿತ್ತು. ನಾನು ಬೈಕು ಆಫ್ ಮಾಡಲಿಲ್ಲ. ಗೇಟಿನ ಚಿಲಕಕ್ಕೆ ಕೈ ಹಾಕಿದೆನೆಂದು ಬಹಳ ದಿನ ನಂಬಿದ್ದೆ. ಈಗ ಅದೂ ಅನುಮಾನ.

ತಿರುವಿನ ಅಂಗಡಿಯಲ್ಲಿ ಸೋಡಾ ಕುಡಿಯುತ್ತ ಆ ಮನೆ ಯಾರದೆಂದು ವಿಚಾರಿಸಿದೆ.

"ಅದಾ? ಬೊಂಬಾಯಂಗ್ ಹೋಟ್ಲ್ ಇಪ್ಪೋರ್ದ್," ಎಂದ ಅಂಗಡಿಯವನು.

ಅಷ್ಟೇ. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ನಮ್ಮ ಕಡೆಯವರಲ್ಲದೆ ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ಹೋಟೆಲಿನವರ ಮನೆ ಎಂದರೆ ಏನೆಂದು ನನಗೆ ಗೊತ್ತು. ಅವರು ಮುಂಬೈಯಲ್ಲೋ ಪುಣೆಯಲ್ಲೋ ಇರುತ್ತಾರೆ. ಮನೆ ಮೇ ತಿಂಗಳ ರಜೆಗೆ, ಮದುವೆ ಮುಂಜಿಗೆ ಬಾಗಿಲು ತೆರೆಯುತ್ತದೆ. ಉಳಿದ ದಿನ ಅಂಗಳ ಗುಡಿಸಿ, ದೀಪ ಹಚ್ಚಿ, ಪಂಪು ಬಿಡಲು ಒಂದು ಸಂಸಾರ ಹಿಂದಿನ ಕೋಣೆಯಲ್ಲಿ ಇರುತ್ತದೆ. ಬ್ರಹ್ಮಾವರದಲ್ಲಿ ನಮ್ಮ ಅಣ್ಣಯ್ಯನ ಮನೆಯೂ ಹಾಗೇ. ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುವವನು ನಾನೇ.

ಆ ದಿನ ವಾಪಸು ಬರುವಾಗಲೂ ಅಲ್ಲಿ ಇಳಿದಿದ್ದೆ. ಜಗಲಿಯಲ್ಲಿ ಕುಳಿತು, ಹಿಂದಿನ ಕೋಣೆಯ ಹೆಂಗಸು ತಂದುಕೊಟ್ಟ ಚಾ ಕುಡಿಯುತ್ತ, ಹೋಟೆಲಿನವರ ಗುಂಪಿಗೆ ಫೋನಿನಲ್ಲೇ ಮಾತು ರೆಕಾರ್ಡು ಮಾಡಿ ಕಳಿಸಿದೆ. ಇದು ನಡೆದದ್ದೇ, ಅಥವಾ ನನ್ನನ್ನು ನಾನು ಚುಚ್ಚಿಕೊಳ್ಳಲು ಆಮೇಲೆ ಕಟ್ಟಿಕೊಂಡದ್ದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಫೋನು ಈಗಿಲ್ಲ. ನೆನಪಿರುವಂತೆ ನಾನು ಹೇಳಿದ್ದು ಇಷ್ಟು: "ಮನಿ ಕಂಡ್ ಬಂದೆ. ಎರಡ್ ಮಾಳ್ಗಿ, ಸೋಲಾರ್. ನಮ್ ದುಡ್ಡ್ ಅಲ್ಲಿಗ್ ಬ್ಯಾಡ. ನಿಜ ಕಷ್ಟ ಇಪ್ಪೋರಿಗ್ ಹೋಯ್ಲಿ." ಕಾರಿನ ಮಾತೂ ಇತ್ತು ಎನ್ನುವುದು ಹೆಂಡತಿಯ ನೆನಪು. ಅವಳಿಗೆ ಅದನ್ನು ನಾನೇ ಮನೆಯಲ್ಲಿ ಹಚ್ಚಿ ಕೇಳಿಸಿದ್ದೆನಂತೆ. ಹೆಮ್ಮೆಯಿಂದ.

ಆ ವರ್ಷದ ದಾನ ಬೈಂದೂರಿನ ಕಡೆಯ ಒಂದು ಸಂಸ್ಥೆಗೆ ಹೋಯಿತು. ಅವರ ನೋಂದಣಿ ಪತ್ರ, ವರದಿ, ಫೋಟೋಗಳು ಎಲ್ಲ ಒಂದು ಚಂದದ ಫೈಲಿನಲ್ಲಿದ್ದವು. ಕೇಳುವ ಮೊದಲೇ ಕೊಟ್ಟರು. ಶಾಲಾಮಕ್ಕಳಿಗೆ ಪುಸ್ತಕ, ಚೀಲ ಹಂಚುವುದು ಅವರ ಕೆಲಸ. ಮೋಸವೇನೂ ಇರಲಿಲ್ಲ. ಹಂಚುವ ದಿನ ನನ್ನನ್ನು ವೇದಿಕೆಗೆ ಕರೆದು, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನ ಮಕ್ಕಳ ಬೆನ್ನಿನಲ್ಲಿ ಆಗಲೇ ಒಂದೊಂದು ಹೊಸ ಚೀಲ ಇತ್ತು. ಬೇರೆ ಯಾರೋ ಜೂನಿನಲ್ಲಿ ಕೊಟ್ಟದ್ದಂತೆ. ಒಂದು ಹುಡುಗಿ ಎರಡನೆಯದನ್ನು ಎದೆಗೆ ಕಟ್ಟಿಕೊಂಡು ನಗುತ್ತಿತ್ತು. ನಾನೂ ನಕ್ಕೆ. ಸೇಬನ್ನು ಬಸ್ಸಿನಲ್ಲಿ ತಿಂದೆ.

ಮೀನಿನವನು ನಮ್ಮ ಮನೆಗೆ ಬರುವುದು ನಿಂತಿತು. ದಾರಿ ಬದಲಿಸಿರಬೇಕು ಎಂದುಕೊಂಡೆ. ಮುಂದಿನ ನವರಾತ್ರಿಗೆ ಸ್ವಲ್ಪ ಮೊದಲು ಕುಂದಾಪುರದ ಸಂಗಮ್ ಹತ್ತಿರ ರಸ್ತೆ ಬದಿಯಲ್ಲಿ ಅವನು ಬಂಗುಡೆ ತೂಗುತ್ತಿದ್ದ. ನಾನೇ ಹೋಗಿ ಮಾತನಾಡಿಸಿದೆ. ಮಾತಿನಲ್ಲಿ ಒಂದು ಚೇಷ್ಟೆಯೂ ಇತ್ತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಈ ವರ್ಷ ಎಂತ ವೇಷ? ಯಾರ್ ಮಗುವಿಗೆ?"

ಅವನು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಈ ವರ್ಷ ವೇಷ ಇಲ್ಲೆ ಮಾಷ್ಟ್ರೆ. ಆಪರೇಶನ್ ಆಯ್ತ್, ಮೊನ್ನೆ ಆಟಿ ತಿಂಗ್ಳ್ ಕಳ್ದ್ ಮೇಲೆ. ಸರ್ಕಾರದ್ದ್ ಅಂತೂ ಬಂತ್."

"ಹೋದ ವರ್ಷ ಆಗ್ಲಿಲ್ಯಾ?"

"ಹೋದ ವರ್ಷ ಮುಕ್ಕಾಲು ದುಡ್ಡ್ ಒಟ್ಟಾಯಿತ್. ಉಳ್ದದ್ದ್ ಹೋಟ್ಲಿನೋರ್ ಕೊಡ್ತೆ ಅಂದಿದ್ರ್, ಸುಮಾರ್ ಜನ. ಮತ್ತೆ ಒಬ್ರೂ ಫೋನ್ ತೆಗಿಲಿಲ್ಲೆ. 'ಮಾಷ್ಟ್ರ್ ಹೋಯಿ ಕಂಡ್ ಬಂದಿದ್ರ್, ದೊಡ್ಡ್ ಮನಿ ಅಂಬ್ರ್' ಅಂದ್ರ್ ಒಬ್ರ್." ಮೀನನ್ನು ಕಾಗದದಲ್ಲಿ ಸುತ್ತಿ ಪಕ್ಕದ ಹೆಂಗಸಿಗೆ ಕೊಟ್ಟು, ಆಮೇಲೆ ನನ್ನ ಮುಖ ನೋಡಿದ. "ಗೇಟ್ ತೆಗ್ದ್ ಒಳ್ಗ್ ಹೋಯಿದ್ರೆ ನಿಮ್ಗೂ ಒಂದ್ ಲೋಟ ಚಾ ಸಿಕ್ತಿತ್ತ್, ಮಾಷ್ಟ್ರೆ. ಅವ್ರ್ ಇಪ್ಪುದ್ ಹಿಂದಿನ್ ಕೋಣಿಯಂಗೆ."

ನಾನು ಕಳಿಸಿದ್ದು ನಮ್ಮ ಗುಂಪಿಗೆ ಮಾತ್ರ. ಅದು ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಗಿತ್ತು. ನನ್ನ ದನಿಯಲ್ಲೇ ಹೋಗಿತ್ತು. ದನಿಗೆ ಜನ ಹೆಚ್ಚು ನಂಬಿಕೆ ಕೊಡುತ್ತಾರೆ.

ಮಾರನೆಯ ದಿನ ಕೊಕ್ಕರ್ಣೆಗೆ ಹೋಗಿ ಗೇಟು ತೆಗೆದೆ. ಹೆಂಗಸು ಹೊರಗೆ ಬಂದಳು. ಅವಳು ನನ್ನನ್ನು ನೋಡಿ ಗುರುತು ಹಿಡಿದಳು.

"ನೀವೇ ಅಲ್ದಾ ಹೋದ ವರ್ಷ ಗೇಟಿನ್ ಹತ್ರ ಬೈಕ್ ನಿಲ್ಸದ್ದ್? ದಾರಿ ತಪ್ಪಿ ಬಂದೋರ್ ಅಂತ ಅಂದ್ಕಂಡೆ. ಸದ್ದಿಗ್ ತಿರ್ಗಿ ಕಂಡೆ, ಕೇಂಬ ಅಂತ ಬಪ್ಪತಿಗೆ ನೀವ್ ಹೋಯ್ ಆಯಿತ್."

ಹಿಂದಿನ ಕೋಣೆಯಲ್ಲಿ ನನ್ನನ್ನು ಕೂರಿಸಿದಳು. ಒಂದು ಮಂಚ, ಒಂದು ಗ್ಯಾಸ್ ಒಲೆ, ಗೋಡೆಗೆ ಒರಗಿಸಿದ, ಮಡಿಸಿದ ಚಾಪೆ. ಗಂಡ ಅಲ್ಲೇ ಹತ್ತಿರದ ಕಲ್ಲುಕೋರೆಗೆ ಲಾರಿ ಓಡಿಸಲು ಹೋಗಿದ್ದ. ಹುಡುಗಿಯ ಕಿವಿಯ ಹಿಂದೆ ಒಂದು ಸಣ್ಣ ಯಂತ್ರ, ಅದರಿಂದ ಕೂದಲಿನೊಳಗೆ ಹೋಗುವ ತಂತಿ. ತಾಯಿ ನನಗೆ ತೋರಿಸಲೆಂದು ಮಗುವಿನ ಬೆನ್ನ ಹಿಂದೆ ನಿಂತು ತಟ್ಟೆಗೆ ಚಮಚದಿಂದ ಹೊಡೆದಳು. ಮಗು ತಿರುಗಿತು. ತಿರುಗಿ, ಸದ್ದು ಎಲ್ಲಿಂದ ಬಂತೆಂದು ತಿಳಿಯದೆ ಮೊದಲು ನನ್ನ ಮುಖ ನೋಡಿತು.

"ಈಗ ಕೇಂತ್ತ್. ಆದ್ರೆ ಅದ್ ಎಂತ ಅಂತ ಅದ್ಕೆ ಗೊತ್ತಾತಿಲ್ಲೆ," ಎಂದಳು ತಾಯಿ. "ಮಾತ್ ಕಲ್ಸುಕೆ ವಾರಕ್ಕೊಂದ್ಸಲ ಉಡುಪಿಗ್ ಹೋತೊ. ಸ್ವಲ್ಪ ಬೇಗ ಆಯಿದ್ರೆ ಲಾಯ್ಕಿತ್ತ್ ಅಂದ್ರ್ ಅಲ್ಲಿಯೋರ್. ಎಂತ ಮಾಡುದ್, ಅದ್ರ ಟೈಮ್ ಬರ್ಕಲ್ದಾ."

ಆಗ ನಾನು ಹೇಳಬೇಕಿತ್ತು. ಹೇಳಿದೆನೆಂದೇ ಒಂದು ನೆನಪು ಇದೆ: ತಲೆ ತಗ್ಗಿಸಿ, "ಅಮ್ಮಾ, ತಡ ಆದ್ದಕ್ಕೆ ನಾನೂ ಕಾರಣ" ಎಂದದ್ದು, ಅವಳು ಲೋಟ ತೆಗೆದುಕೊಂಡು ತೊಳೆಯಲು ಹೊರಗೆ ಹೋದದ್ದು. ಈ ನೆನಪು ತೀರ ಅಚ್ಚುಕಟ್ಟಾಗಿದೆ. ನಿಜವಾಗಿ ನಡೆದದ್ದು, ನಾನು ಚಾ ಕುಡಿದು, ಯಂತ್ರದ ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ಕೇಳಿ, ಎದ್ದು ಬಂದದ್ದೇ ಇರಬೇಕು. ಸಮೀಕ್ಷೆಗೆ ಹೋದವನಂತೆ.

ಉಡುಪಿಯ ವಾರದ ಓಡಾಟದ ಖರ್ಚನ್ನು ಈಗ ನಾನು ಕೊಡುತ್ತೇನೆ, ಮೀನಿನವನ ಕೈಯಲ್ಲಿ. ಯಾರು ಕೊಟ್ಟದ್ದೆಂದು ಹೇಳಬೇಡ ಎಂದಿದ್ದೇನೆ. ಅದು ವಿನಯವಲ್ಲ, ಹೆದರಿಕೆ. ಅಣ್ಣಯ್ಯನಿಗೆ ನಡೆದದ್ದನ್ನೆಲ್ಲ ಹೇಳಿ, ಇನ್ನು ಮೇಲೆ ಆಯ್ಕೆ ಮಾಡುವ ಕೆಲಸ ಬೇರೆಯವರಿಗೆ ಕೊಡು ಎಂದೆ. ಅವನು ಒಪ್ಪಲಿಲ್ಲ. "ಒಂದ್ ತಪ್ಪಿತ್ ಮಾರಾಯಾ. ಒಂದ್ ವರ್ಷ ಹೆಚ್ಚುಕಮ್ಮಿ ಆರೆ ಎಂತ ಆತ್ತ್ ಈಗ?" ಎಂದ, ಸಮಾಧಾನಕ್ಕೆ.

ಆ ಮಾತು ನಿಜವಾಗಿರಲಿ ಎಂದು ನಾನು ಎಷ್ಟು ಬಯಸಿದೆ ಎಂದರೆ, ಯಾರ ಮಗು ಎಂದು ಹೇಳದೆ ಮಣಿಪಾಲದಲ್ಲಿ ಒಬ್ಬ ಕಿವಿಯ ಡಾಕ್ಟರನ್ನು ಕಂಡು ಕೇಳಿದೆ. ಅವರ ಉತ್ತರ ಸಾಲದೆ, ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಒಬ್ಬಾಕೆಯನ್ನು ಬೇರೆ ಊರಿನಲ್ಲಿ ಹುಡುಕಿ ಕೇಳಿದೆ. ಇಬ್ಬರೂ ಒಂದೇ ಹೇಳಿದರು: ಆ ವಯಸ್ಸಿನಲ್ಲಿ ಒಂದು ವರ್ಷ ಬಹಳ.