ಐದನೇ ಫ್ಲಾಪಿ

ಬಸವೇಶ್ವರನಗರದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಬ್ರೈಲ್ ಪಠ್ಯಪುಸ್ತಕ ಅಚ್ಚು ಹಾಕುವ ಸಣ್ಣ ಮುದ್ರಣಾಲಯವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಇರುವುದು ಎರಡು ಕೋಣೆ, ಇಬ್ಬರು ಜನ. ನಾನು ಪಾಠ ಟೈಪ್ ಮಾಡುತ್ತೇನೆ. ಕರಡು ತಿದ್ದುವವರು ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬ ಮೇಷ್ಟ್ರು, ನನಗಿಂತ ಹತ್ತು ವರ್ಷ ದೊಡ್ಡವರು. ದಪ್ಪ ಹಾಳೆಯ ಮೇಲೆ ಚುಕ್ಕೆ ಒತ್ತುವ ಯಂತ್ರಕ್ಕೆ ಬಹಳ ಹಳೆಯ ಕಂಪ್ಯೂಟರೊಂದನ್ನು ಜೋಡಿಸಿದ್ದೇವೆ. ಕನ್ನಡವನ್ನು ಬ್ರೈಲಿಗೆ ತಿರುಗಿಸುವ ಅದರ ಸಾಫ್ಟ್‌ವೇರನ್ನು ನಮಗೆಂದೇ ಬರೆದುಕೊಟ್ಟವರು ಈಗಿಲ್ಲ. ಅವರು ಬಿಟ್ಟುಹೋದದ್ದು ಆ ಸಾಫ್ಟ್‌ವೇರ್ ತುಂಬಿದ ಆರು ಫ್ಲಾಪಿ.

ಹೋದ ಬೇಸಿಗೆಯಲ್ಲಿ, ಶಾಲೆ ಶುರುವಾಗಲು ಮೂರು ವಾರ ಇರುವಾಗ, ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟಿತು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಅರ್ಧವಷ್ಟೇ ಆಗಿತ್ತು. ಹೊಸ ಯಂತ್ರದ ಬೆಲೆ ಕೇಳಿ ನಮ್ಮ ಟ್ರಸ್ಟಿನ ಅಧ್ಯಕ್ಷರು, "ಈ ವರ್ಷ ಆಗಲ್ಲಮ್ಮ, ಮಕ್ಕಳಿಗೆ ಆಡಿಯೋ ಕೊಡೋಣ" ಅಂದುಬಿಟ್ಟರು.

"ಸಮೀಕರಣಾನ ಕಿವೀಲಿ ಕೇಳಿ ಹೇಗೆ ಕಲೀತಾರೆ ಸಾರ್?" ಮೇಷ್ಟ್ರು ಕೇಳಿದರು. ಒಂದು ವಾರ ಕೊಡಿ ಅಂತ ನಾನು ಕೇಳಿಕೊಂಡೆ.

ರಾಜಾಜಿನಗರದ ಮೂರು ಕಂಪ್ಯೂಟರ್ ಅಂಗಡಿಯಲ್ಲಿ ಫ್ಲಾಪಿ ಅಂದ ಕೂಡಲೇ ನಕ್ಕರು. ಒಬ್ಬನಂತೂ, "ಮ್ಯೂಸಿಯಮ್ಮಿಗೆ ಕೊಡಿ ಆಂಟಿ" ಅಂದ. ಅಳು ಬರುವಂತಾಗಿತ್ತು. ನಾಲ್ಕನೆಯದು ಸಿಸಿ ಕ್ಯಾಮೆರಾ ಮಾರುವ ಅಂಗಡಿ. ಅಲ್ಲಿನ ಯಜಮಾನರು ಒಂದು ಕಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು. ಅವರು ನಗಲಿಲ್ಲ. ಮಾರನೇ ದಿನವೇ ಬ್ಯಾಗು ಹೊತ್ತು ನಮ್ಮಲ್ಲಿಗೆ ಬಂದರು.

"ಹಾರ್ಡ್‌ಡಿಸ್ಕ್ ನನ್ನ ಹತ್ರ ಹಳೇದು ಇದೆ, ಹಾಕ್ತೀನಿ. ನಿಮ್ಮ ಫ್ಲಾಪಿ ಡ್ರೈವೂ ಹೋಗಿದೆ" ಅಂದರು. ಅಂಗೈಯಷ್ಟು ಅಗಲದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. "ಅದರ ಜಾಗದಲ್ಲಿ ಇದು ಕೂರುತ್ತೆ. ಫ್ಲಾಪಿಗಳನ್ನ, ಫ್ಲಾಪಿ ಹಾಕೋ ಜಾಗ ಇರೋ ನನ್ನ ಹಳೇ ಲ್ಯಾಪ್‌ಟಾಪಲ್ಲಿ ಓದಿ ಪೆನ್ ಡ್ರೈವಿಗೆ ಹಾಕೋಣ. ಪೆನ್ ಡ್ರೈವನ್ನ ಇದಕ್ಕೆ ಚುಚ್ಚಿದ್ರೆ ಮುಗೀತು, ಕಂಪ್ಯೂಟರಿಗೆ ಫ್ಲಾಪಿ ಅಂತಾನೇ ಅನ್ಸುತ್ತೆ."

ನಾವು ತಿಂಗಳಿಗೆ ಹಾಳೆಗೆ ಖರ್ಚು ಮಾಡುವಷ್ಟೂ ಅದಕ್ಕೆ ಬೇಕಿರಲಿಲ್ಲ.

ನಾಲ್ಕು ಫ್ಲಾಪಿ ಸರಾಗವಾಗಿ ಓದಿಸಿಕೊಂಡವು. ಐದನೆಯದನ್ನು ಹಾಕಿದಾಗ ಮೇಷ್ಟ್ರು ತಲೆ ವಾಲಿಸಿ ಕೇಳಿಸಿಕೊಂಡರು. "ಇದು ಮುಂದಕ್ಕೆ ಹೋಗ್ತಾ ಇಲ್ಲ. ಒಂದೇ ಕಡೆ ಕೆರೀತಾ ಇದೆ, ತೆಗೀರಿ ಬೇಗ!" ಪರದೆಯ ಮೇಲೆ ಎರರ್ ಬಂದದ್ದು ಆಮೇಲೆ. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬೂಷ್ಟು. ಒತ್ತಕ್ಷರಗಳನ್ನೆಲ್ಲ ಬ್ರೈಲಿಗೆ ತಿರುಗಿಸುವ ಭಾಗ ಇದ್ದದ್ದು ಅದರಲ್ಲೇ. ಮತ್ತೊಂದು ಪ್ರತಿ ಎಲ್ಲೂ ಇರಲಿಲ್ಲ.

"ಬಿಚ್ಚಿ ತೊಳೀಬಹುದು" ಅಂದರು ರಿಪೇರಿಯವರು. "ಆದ್ರೆ ಕವಚದ ಒಳಗೂ ಬೂಷ್ಟು ಹಿಡಿದಿರುತ್ತೆ, ಅದನ್ನ ಮತ್ತೆ ಹಾಕೋ ಹಾಗಿಲ್ಲ. ಒಳ್ಳೇ ಸ್ಥಿತೀಲಿರೋ ಬೇರೆ ಫ್ಲಾಪಿ ಬೇಕು."

ಮೇಷ್ಟ್ರು ತಮ್ಮ ಡ್ರಾಯರಿನಲ್ಲಿ ತಡಕಾಡಿ ಒಂದನ್ನು ಕೊಟ್ಟರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದರು.

"ಇದರಲ್ಲೇನಿದೆ ಮೇಷ್ಟ್ರೇ?"

"ನನ್ನ ಲಗ್ನಪತ್ರಿಕೆ. ಬ್ರೈಲಲ್ಲಿ ನಾನೇ ಮಾಡಿದ್ದು. ತಗೊಳಿ, ಮದುವೆ ಹೇಗೂ ಆಗೋಯ್ತಲ್ಲ."

ರಿಪೇರಿಯವರು ಮೊದಲು ಅದನ್ನು ಕಾಪಿ ಮಾಡಿಟ್ಟರು. ಆಮೇಲೆ ಅದರ ಕವಚ ಬಿಡಿಸಿದರು. ನಮ್ಮ ಫ್ಲಾಪಿಯ ತಟ್ಟೆಯನ್ನು ಹೊರತೆಗೆದು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿದರು, ಕೂಸಿನ ಮುಖ ಒರೆಸಿದ ಹಾಗೆ. ಒಣಗಲಿಕ್ಕೆ ಬಿಟ್ಟಾಗ ಫ್ಯಾನ್ ಆರಿಸಿ ಮೂವರೂ ಬೆವರುತ್ತಾ ಕೂತೆವು.

ಹೊಸ ಕವಚದಲ್ಲಿ ಕೂತ ಐದನೆಯದು ಒಮ್ಮೆ ಕೆರೆಯಿತು. ನಾನು ಕಣ್ಣು ಮುಚ್ಚಿಕೊಂಡೆ. ಎರಡನೇ ಸಲ ಕೆರೆಯಿತು. ಆಮೇಲೆ ಟಕ್ ಟಕ್ ಅಂತ ಸಮನಾದ ಸದ್ದು.

"ಹೊರಟಿತು!" ಮೇಷ್ಟ್ರು ಕೂಗಿಯೇಬಿಟ್ಟರು.

ಆರೂ ಪೆನ್ ಡ್ರೈವಿಗೆ ಬಂದವು. ಡಬ್ಬಿಯ ಗುಂಡಿ ಒತ್ತಿ ಒಂದಾದ ಮೇಲೊಂದನ್ನು ಕಂಪ್ಯೂಟರಿಗೆ ತುಂಬಿಸಿದೆವು. ಸಂಜೆ ನಾಲ್ಕರ ಹೊತ್ತಿಗೆ ಯಂತ್ರ ಗಡಗಡ ಅನ್ನುತ್ತಾ ಮೊದಲ ಹಾಳೆ ಹೊರಹಾಕಿತು. ಮೇಷ್ಟ್ರು ಅದನ್ನು ಮಡಿಲಲ್ಲಿ ಹಾಕಿಕೊಂಡು ಬೆರಳಾಡಿಸಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"'ದ್ಯುತಿಸಂಶ್ಲೇಷಣೆ'ನ ತಪ್ಪು ಟೈಪ್ ಮಾಡಿದೀರಿ" ಅಂದರು. "ಒತ್ತಕ್ಷರ ಎಲ್ಲಾ ಸರಿ ಇದೆ. ತಪ್ಪು ನಿಮ್ಮದು ಮಾತ್ರ."

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಅಧ್ಯಕ್ಷರಿಗೆ ಫೋನ್ ಮಾಡಿ, ಆಡಿಯೋ ಬೇಡ, ಪುಸ್ತಕವೇ ಹೋಗುತ್ತೆ ಅಂದೆ. ಪೆನ್ ಡ್ರೈವಿನ ಇನ್ನೆರಡು ಪ್ರತಿ ಮಾಡಿಸಿ, ಒಂದನ್ನು ಅವರ ಮನೆಗೇ ಕಳಿಸಿದೆ. ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ತಡ, ನಿದ್ದೆ ಹೋದೆ. ಕುರುಬರಹಳ್ಳಿಯ ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಆದ ಮೇಲೆ ಎಚ್ಚರವಾಯಿತು. ನಡೆದುಕೊಂಡೇ ವಾಪಸ್ ಬಂದೆ.